ಕೆಂಪು ರಂಗೋಲಿ ಹೋದ ದಾರಿ

"ನಿಮ್ಮ ಸಂಪ್ ಸೋರ್ತಿದೆ ಕಣೋ! ನಮ್ಮಜ್ಜಿ ರೂಮಿನ ಗೋಡೆ ಇಡ್ಲಿ ಥರ ಉಬ್ಬಿದೆ!" ವಿಭಾ ಕಾಂಪೌಂಡಿನ ಮೇಲಿಂದ ತಲೆ ಹಾಕಿ ಕೂಗಿದಳು.

ಪಕ್ಕದ ಮನೆಯ ಪುನೀತ್ ಆಯುಧಪೂಜೆಗೆಂದು ಸೈಕಲ್ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. "ನಮ್ಮ ಸಂಪ್ ಸೋರಲ್ಲ. ನಮ್ಮಪ್ಪ ನಿಂತು ಕಟ್ಟಿಸಿದ್ದು."

"ಓಹೋ, ನಿಂತು ಕಟ್ಟಿಸಿದ್ರಂತೆ! ನಿಂತೇ ನಿದ್ದೆ ಮಾಡಿರ್ಬೇಕು!"

ಪುನೀತ್ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದ. ಹೋದ ವರ್ಷ ಇಬ್ಬರೂ ಒಟ್ಟಿಗೆ ಸೈಕಲ್ ತೊಳೆದಿದ್ದರು. ಈ ವರ್ಷ ಬರೀ ಮೂದಲಿಕೆ.

ಹೂಟಗಳ್ಳಿಯ ಆ ಬೀದಿಯಲ್ಲಿ ವಿಭಾಳ ಮನೆಯ ಅಂಗಳದಷ್ಟು ಹೊಳೆಯುವ ಅಂಗಳ ಇನ್ನೊಂದಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಅಪ್ಪ ಸುಂದರೇಶ ಟೈಲ್ಸ್ ಹಾಕಿಸಿದ್ದರು. ಗಾರೆಯವರು ನೆಲವನ್ನು ಗೇಟಿನ ಕಡೆಗೆ ಇಳಿಜಾರು ಮಾಡಿದಾಗ ಅಪ್ಪ ಮೂಗು ಮುರಿದಿದ್ದರು. "ನೀರು ಬೀದಿಗೆ ಹರಿದ್ರೆ ಮನೆ ಲಕ್ಷ್ಮೀನೂ ಬೀದಿಗೇ! ಈಶಾನ್ಯಕ್ಕೆ ಹರೀಬೇಕು ಕಣ್ರೀ. ಅಷ್ಟೂ ಗೊತ್ತಿಲ್ವಾ?" ಗಾರೆಯವರು ಎಲ್ಲ ಕಿತ್ತು ಮತ್ತೆ ಹಾಕಿದರು.

ಮಳೆ ಶುರುವಾದ ಮೇಲೆ ಅಜ್ಜಿಯ ಕೋಣೆಯ ಗೋಡೆಗೆ ತೇವ ಹತ್ತಿತು. ಬಣ್ಣ ಹಪ್ಪಳದಂತೆ ಎದ್ದು ಉದುರಿತು. ಅಜ್ಜಿ ಚಂದ್ರಮತಿ ಕೆಮ್ಮುತ್ತಾ ಮಂಚವನ್ನು ಹಾಲಿಗೆ ಎಳೆಸಿಕೊಂಡರು. ಆ ಗೋಡೆಯ ಆಚೆ, ಕಾಂಪೌಂಡಿನ ಪಕ್ಕದಲ್ಲೇ ಪುನೀತನ ಮನೆಯ ಸಂಪ್ ಇತ್ತು. ಅಪ್ಪನಿಗೆ ಅಷ್ಟು ಸಾಕಾಯಿತು.

"ನಿಮ್ಮ ಸಂಪಿಂದ ಅಲ್ದೇ ಇನ್ನೆಲ್ಲಿಂದ ಬರುತ್ತೆ ನೀರು? ಆಕಾಶದಿಂದ್ಲಾ?"

ಪುನೀತನ ಅಪ್ಪ ಬಸವರಾಜು ಜಗಳವಾಡಲಿಲ್ಲ. "ಆಯ್ತು ಸಾರ್. ಹಬ್ಬ ಮುಗೀಲಿ, ಸಂಪ್ ಸುತ್ತ ಅಗೆಸೇ ನೋಡ್ಬುಡಣ."

ಅಗೆದರೆ ಸಂಪಿನ ಪಕ್ಕದ ಕರಿಬೇವಿನ ಮರ ಉಳಿಯುವುದಿಲ್ಲ. ಪುನೀತನ ಅಮ್ಮ ಚಾಮುಂಡೇಶ್ವರಿ ಸಸಿ ತಂದು ಬೆಳೆಸಿದ ಮರ ಅದು. ವಿಭಾಳ ಮನೆಯ ಒಗ್ಗರಣೆಗೂ ಅದರದ್ದೇ ಎಲೆ. ಜಗಳವಾದ ಮೇಲೆ ಅಮ್ಮ ಅಂಗಡಿಯಿಂದ ಒಣಕಲು ಎಲೆ ತರುತ್ತಿದ್ದಳು. ಸಾರು ಘಮಘಮಿಸುವುದು ನಿಂತಿತ್ತು.

ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ಪಕ್ಕದ ಮನೆಗೆ ಆಳುಗಳು ಹಾರೆ, ಗುದ್ದಲಿ ಹಿಡಿದು ಬಂದರು. ವಿಭಾ ತಮ್ಮ ಗೇಟಿನ ಒಳಗೆ ದೊಡ್ಡ ರಂಗೋಲಿ ಬಿಡಿಸಿ ಕೆಂಪು ಪುಡಿ ತುಂಬುತ್ತಿದ್ದಳು. ಉಳಿದಿದ್ದ ಪುಡಿಯನ್ನೆಲ್ಲ ಸುರಿದಳು. ಪುನೀತ್ ನೋಡಿ ಹೊಟ್ಟೆ ಉರಿದುಕೊಳ್ಳಲಿ!

ಅಷ್ಟರಲ್ಲಿ ಧೋ ಎಂದು ಮಳೆ ಬಂತು. ಆಳುಗಳು ಓಡಿ ಶೀಟಿನ ಕೆಳಗೆ ನಿಂತರು. ವಿಭಾ ಜಗಲಿ ಹತ್ತಿದಳು.

ರಂಗೋಲಿ ಕರಗಿತು. ಕೆಂಪು ನೀರು ಗೇಟು ದಾಟಿ ಬೀದಿಗೆ ಹೋಗಬಹುದು ಅಂದುಕೊಂಡಳು. ಅದು ಗೇಟಿಗೆ ಬೆನ್ನು ಹಾಕಿ ಮನೆಯ ಕಡೆಗೇ ಬಂತು.

"ಎಲ್ಲಿಗೆ ಹೋಗ್ತಿದ್ದೀಯ, ಪೆದ್ದು ನೀರೇ?" ಎಂದು ನಗುತ್ತಾ ಛತ್ರಿ ಹಿಡಿದು ಅದರ ಹಿಂದೆಯೇ ಹೋದಳು. ನೀರು ಜಗಲಿಯನ್ನು ಸುತ್ತಿ, ಮೂಲೆ ತಿರುಗಿ, ಅಜ್ಜಿಯ ಕೋಣೆಯ ಬುಡದಲ್ಲಿ ನಿಂತಿತು. ಅಲ್ಲಿಂದ ಮುಂದೆ ದಾರಿಯೇ ಇರಲಿಲ್ಲ. ಟೈಲ್ಸಿಗೂ ಗೋಡೆಗೂ ನಡುವಿನ ಬಿರುಕಿನಲ್ಲಿ ಗುಳುಗುಳು ಎಂದು ಇಳಿಯುತ್ತಿತ್ತು.

ವಿಭಾಳ ನಗು ಅಲ್ಲೇ ನಿಂತಿತು. ಈಶಾನ್ಯ ಅಂದರೆ ಇದೇ ಮೂಲೆ.

ಮಳೆ ನಿಂತಿತು. ಗೇಟಿನಿಂದ ಗೋಡೆಯವರೆಗೂ ಕೆಂಪು ಗೆರೆ ಉಳಿದಿತ್ತು. ಗೋಡೆಯ ಬುಡಕ್ಕೂ ಕೆಂಪು ಪಟ್ಟಿ. ವಿಭಾ ಓಡಿಹೋಗಿ ಬಕೆಟ್ ನೀರು, ಪೊರಕೆ ತಂದಳು. ಎರಡು ಸಲ ಉಜ್ಜಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ.

ಕಾಂಪೌಂಡಿನ ಆಚೆ ಚಾಮುಂಡೇಶ್ವರಿಯ ದನಿ ಕೇಳಿಸಿತು. "ಒಸಿ ತಡೀರಪ್ಪ. ಇರೋ ಎಲೆನಾದ್ರೂ ಕಿತ್ಕೊಬುಡ್ತೀನಿ."

ಪೊರಕೆ ವಿಭಾಳ ಕೈಯಲ್ಲೇ ಉಳಿಯಿತು.

"ಆಂಟೀ, ಅಗೀಬೇಡಿ ಅನ್ನಿ! ಪುನೀತ್, ಬಾರೋ ಇಲ್ಲಿ!"

ಕಾಂಪೌಂಡಿನ ಮೇಲೆ ಪುನೀತನ ತಲೆ ಕಾಣಿಸಿತು. ಅವನು ಕೆಂಪು ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಏನೇ ಇದು? ಗೋಡೆಗೂ ಆಯುಧಪೂಜೆ ಮಾಡ್ಬುಟ್ರಾ?"

ವಿಭಾಳ ನಾಲಿಗೆಯ ತುದಿಗೆ ಖಾರದ ಉತ್ತರವೊಂದು ಬಂತು. ನುಂಗಿಕೊಂಡಳು.

ಸದ್ದು ಕೇಳಿ ಅಪ್ಪ ಬಂದರು. "ಏನು ಗಲೀಜು ಇದು? ಬೇಗ ತೊಳಿ!"

"ಬೇಡಪ್ಪ. ಬಸವರಾಜು ಅಂಕಲ್ ನೋಡ್ಲಿ."

ಅಪ್ಪ ಗೇಟಿನ ಕಡೆ ನೋಡಿದರು. ಗೋಡೆಯ ಕಡೆ ನೋಡಿದರು.

ಕಿಟಕಿಯಿಂದ ಅಜ್ಜಿ ಕೆಮ್ಮಿದರು. "ನೀರು ಆಕಾಶದಿಂದ್ಲೇ ಬಂದಿದೆ ಕಣೋ ಸುಂದ್ರೇಶ. ದಾರಿ ತೋರಿಸ್ದೋನು ನೀನು."

ಪುನೀತ್ ಕಿಸಕ್ಕನೆ ನಕ್ಕ. "ಇರು, ಅಪ್ಪನ್ನೂ ಕರೀತೀನಿ. ನಾನು ಇಲ್ಲಿಂದ್ಲೇ ಇಳೀತೀನಿ."

ವಿಭಾ ಬಕೆಟ್ಟಿನ ನೀರನ್ನು ಗೇಟಿನ ಆಚೆ ಬೀದಿಗೆ ಚೆಲ್ಲಿ ಬಂದಳು. ಖಾಲಿ ಬಕೆಟ್ಟನ್ನು ಕಾಂಪೌಂಡಿನ ಬುಡದಲ್ಲಿ, ಅವನ ಕಾಲಿಗೆ ಸಿಗುವಂತೆ, ಬೋರಲು ಹಾಕಿ ಗಟ್ಟಿಯಾಗಿ ಹಿಡಿದುಕೊಂಡಳು.