ಬೂದಿಯಾಗದ ಕೆಂಡ

ಪೆಟ್ಟಿಗೆಯಲ್ಲಿ ಕಲ್ಲಿರಲಿಲ್ಲ.

ಮಖಮಲ್ಲಿನ ಮೇಲೆ ಅದು ಕೂತಿದ್ದ ಗುಳಿ ಮಾತ್ರ ಇತ್ತು. ಡಾಕ್ಟರ್ ಗಸ್ಸಾನ್ ಕತ್ತಾನ್ ಹಾಕಿದ ಕೂಗಿಗೆ ನಮ್ಮ ಜರ್ವಲ್ ಮೊಹಲ್ಲಾದ ಪಾರಿವಾಳಗಳೆಲ್ಲ ಎದ್ದು ಜಿದ್ದಾಕ್ಕೆ ಹಾರಿಹೋದವು. ಇನ್ನೂ ಮಕ್ಕಾಕ್ಕೆ ವಾಪಸು ಬಂದಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅತಿಥಿಗಳು ಹಿಂತಿರುಗಿದರು.

"ಯಾರೂ ಹೊರಗೆ ಕಾಲಿಡಬೇಡಿ!" ಎಂದೆ.

ಯಾರೂ ಇಡಲಿಲ್ಲ. ಅಬು ಫುಆದ್ ಪೊಲೀಸಿನಲ್ಲಿದ್ದಷ್ಟು ಕಾಲ ಕಳ್ಳರು ಕದ್ದ ಮಾಲನ್ನು ತಾವೇ ತಂದು, ಜೊತೆಗೊಂದು ಬುಟ್ಟಿ ಖರ್ಜೂರವನ್ನೂ ಇಟ್ಟು ಹೋಗುತ್ತಿದ್ದರು. ಆ ಅಬು ಫುಆದ್ ನಾನೇ. ತಪ್ಪಿಸಿಕೊಂಡ ಒಂಟೆಯನ್ನು ಅದರ ಸೀನಿನಿಂದ ಪತ್ತೆಹಚ್ಚಿದವನು.

ಕಲ್ಲಿನ ಕಥೆ ಹೇಳಿಬಿಡುತ್ತೇನೆ. ಕಾಬಾದ ಮೂಲೆಯಲ್ಲಿರುವ ಪವಿತ್ರ ಕಪ್ಪು ಕಲ್ಲು ಯಾವ ಬಗೆಯದು? ಅದಕ್ಕೆ ಮುತ್ತಿಡಬಹುದೇ ಹೊರತು ಚೂರು ಕೆತ್ತಿ ಪ್ರಯೋಗಾಲಯಕ್ಕೆ ಒಯ್ಯುವಂತಿಲ್ಲ. ಹಾಗಾಗಿ ಭೂವಿಜ್ಞಾನಿಗಳಿಗೆ ಉಳಿದಿರುವುದು ಹಿಂದಿನವರ ವರ್ಣನೆ: ಮೇಲೆ ಕಪ್ಪು, ಒಳಗೆ ಬಿಳಿ, ನೀರಿನಲ್ಲಿ ತೇಲುತ್ತದೆ. ದಕ್ಷಿಣದ ಮರಳುಗಾಡಿಗೆ ಉಲ್ಕೆ ಬಿದ್ದಾಗ ಮರಳು ಕರಗಿ ಆದ ಗಾಜು ಅದಿರಬೇಕು ಎಂದು ಗಸ್ಸಾನನ ವಾದ. ಅಂಥ ಗಾಜಿನ ನಿಂಬೆಗಾತ್ರದ ತುಂಡೊಂದು ಅವನಲ್ಲಿತ್ತು. ನಾಳೆ ವಿಶ್ವವಿದ್ಯಾಲಯದ ದೊಡ್ಡ ಸಭೆಯಲ್ಲಿ ಅದನ್ನು ತೇಲಿಸಿ ತೋರಿಸಬೇಕಿತ್ತು. ಅದಿಲ್ಲದೆ ಹೋದರೆ ಅವನದು ಬರೀ ಬಾಯಿಮಾತು.

ಇಂದು ಶುಕ್ರವಾರದ ನಮಾಜು ಮುಗಿಸಿ ಅವನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಊಟಕ್ಕೆ ಮೊದಲೇ ಅವನು ಹಿತ್ತಾಳೆ ಬೋಗುಣಿಯಲ್ಲಿ ಕಲ್ಲನ್ನು ತೇಲಿಸಿದ. ಎಲ್ಲರೂ ಬಾಯಿಬಿಟ್ಟರು. ನನ್ನ ಒಂಟೆಯ ಕಥೆ ಅರ್ಧದಲ್ಲೇ ನಿಂತಿತು. ನನಗೆ ಎಷ್ಟು ಸಂಕಟವಾಯಿತೆಂದರೆ, ಆ ಬೋಗುಣಿಯ ನೀರನ್ನು ಒಂದೇ ಗುಟುಕಿಗೆ ಕುಡಿದುಬಿಡೋಣ ಅನ್ನಿಸಿತು.

*

ಮೊದಲು ಡಾಕ್ಟರ್ ನಿಜಾರ್ ಫತಾನಿ. ಗಸ್ಸಾನನ ಸಹೋದ್ಯೋಗಿ, ಅವನ ಏಳಿಗೆ ಕಂಡರಾಗದವನು. ಪವಿತ್ರ ಕಲ್ಲು ಉಲ್ಕೆಯಿಂದಾದದ್ದಲ್ಲ, ಅಕೀಕು ಎಂಬ ನೆಲದ ಹರಳು ಎಂದು ಇವನ ವಾದ.

"ಜೇಬು ತೋರಿಸಿ, ಡಾಕ್ಟ್ರೇ."

"ನೋಡ್ಕೊಳ್ಳಿ ಶೇಖ್. ತೇಲೋದೆಲ್ಲ ಆಕಾಶದಿಂದ ಬಿದ್ದಿದ್ದಾದ್ರೆ, ನಮ್ಮತ್ತೆ ಮಾಡೋ ಬೋಂಡಾನೂ ಉಲ್ಕೆನೇ."

"ನಿಮಗವನ ಮೇಲೆ ಹೊಟ್ಟೆಕಿಚ್ಚು ಅಂತ ಊರಿಗೆಲ್ಲ ಗೊತ್ತು."

"ಇದೆ, ಇಲ್ಲ ಅಂದ್ನಾ? ಆದ್ರೆ ಅವನು ನಾಳೆ ಕಲ್ಲು ಹಿಡ್ಕೊಂಡೇ ಸೋಲ್ಬೇಕು. ಕಲ್ಲೇ ಇಲ್ದೆ ಸೋತ್ರೆ ನಾನು ಗೆದ್ದಂಗಾಯ್ತಾ?"

ಮಾತು ಸರಿಯಾಗಿತ್ತು. ಅವನ ಜೇಬಿನಲ್ಲಿ ಲವಂಗವಷ್ಟೇ ಇತ್ತು.

ನಂತರ ಹಾಶಿಂ ಸಿಂದಿ, ಜಪಮಣಿ ವ್ಯಾಪಾರಿ. ಈ ಕಲ್ಲನ್ನು ಕೊಳ್ಳಲು ಗಸ್ಸಾನನ ಹಿಂದೆ ಬಿದ್ದಿದ್ದವನು. ಅವನ ಒಂದೊಂದು ಜೇಬಿನಲ್ಲೂ ಒಂದು ಅಂಗಡಿಯಿತ್ತು. ಮಣಿ, ದಾರ, ಉಂಗುರ, ಅರ್ಧ ತಿಂದ ಬಿಸ್ಕತ್ತು. ಕಲ್ಲು ಮಾತ್ರ ಇಲ್ಲ.

"ನನ್ನನ್ನು ಕಳ್ಳ ಅಂದ್ಕೊಂಡ್ರಾ, ಅಬು ಫುಆದ್?"

"ಬಿಸ್ಕತ್ತಿನ ವಿಷಯದಲ್ಲಿ ಇನ್ನೂ ತನಿಖೆ ನಡೀತಿದೆ."

ದಿಂಬು ಕೊಡವಿದೆವು. ಜಮಖಾನೆ ಮಗುಚಿದೆವು. ಏನೂ ಸಿಗಲಿಲ್ಲ. ಗಸ್ಸಾನ್ ತಲೆ ಹಿಡಿದು ಕೂತ. ಅವನ ತಮ್ಮ ಜಿಯಾದ್ ಪಕ್ಕದಲ್ಲಿ ನಿಂತು ಬೆನ್ನು ಸವರುತ್ತಿದ್ದ. ಪಾಪದ ಹುಡುಗ. ಮರಳುಗಾಡಿನಲ್ಲಿ ಅಣ್ಣನ ಜೀಪು ಓಡಿಸಿದವನು ಅವನೇ, ಇಂದು ನಮಗೆಲ್ಲ ನಿಂತೇ ಕಾಫಿ ಕೊಟ್ಟವನೂ ಅವನೇ.

ಆಗ ಹಿಜಾಜ್ ಪ್ರಾಂತ್ಯದ ಅತಿ ದೊಡ್ಡ ಪತ್ತೇದಾರ ಗುಡುಗಿದ. ಅಂದರೆ ನನ್ನ ಹೊಟ್ಟೆ.

*

ನಾನು ಈ ಮನೆಗೆ ಬಂದದ್ದೇ ಸಲೀಗ್ ತಿನ್ನಲು. ಹಾಲಿನಲ್ಲಿ ಬೆಂದ ಅನ್ನ, ಮೇಲೆ ಕುರಿಮಾಂಸ. ಅದನ್ನು ತಿನ್ನದೆ ನಾನು ಚಪ್ಪಲಿ ಮೆಟ್ಟಿದ್ದೇಕೆ?

ಊದಿನ ಧೂಪ ಬಂದಿತ್ತು. ಧೂಪದಾನಿ ಬಂತೆಂದರೆ ಕೂಟ ಮುಗಿದಂತೆ. ಗಡ್ಡಕ್ಕೆ, ರುಮಾಲಿಗೆ ಹೊಗೆ ಹಿಡಿದುಕೊಂಡು ಏಳಬೇಕು. ಹುಟ್ಟಿದಾಗಿನಿಂದ ಹಾಗೇ ಎದ್ದವರು ನಾವು. ಇಂದೂ ಎದ್ದುಬಿಟ್ಟೆವು, ಬರಿಹೊಟ್ಟೆಯಲ್ಲಿ!

ಒಳಬಾಗಿಲ ಪರದೆಯ ಬಳಿ ಹೋಗಿ ಕೂಗಿದೆ. "ಉಮ್ಮ್ ಗಸ್ಸಾನ್! ಊಟಕ್ಕೆ ಮೊದಲೇ ಧೂಪ ಕಳಿಸಿದ್ರಲ್ಲ, ನಮ್ಮನ್ನು ಓಡಿಸೋಕಾ?"

"ನಾನ್ಯಾಕೆ ಕಳಿಸ್ಲಿ ಅಬು ಫುಆದ್?" ಒಳಗಿನಿಂದ ಗಸ್ಸಾನನ ತಾಯಿಯ ದನಿ ಬಂತು. "ಅನ್ನ ಇನ್ನೂ ಒಲೆ ಮೇಲಿದೆ. ಜಿಯಾದ್ ಬಂದು, ಅತಿಥಿಗಳು ಅವಸರದಲ್ಲಿದ್ದಾರೆ ಅಂತ ಕೆಂಡ ಇಸ್ಕೊಂಡು ಹೋದ. ಕುರಿ ಇಡೀದು ಇದೆ, ಯಾರು ತಿಂತಾರೆ ಈಗ?"

"ನಾನಿದ್ದೀನಿ ತಾಯಿ. ಧೈರ್ಯವಾಗಿರಿ."

ಧೂಪದಾನಿ ಅಂಗಳದ ಕಟ್ಟೆಯ ಮೇಲಿತ್ತು. ಕೆಂಡಗಳೆಲ್ಲ ಬೂದಿಯಾಗಿ ಬೆಳ್ಳಗಾಗಿದ್ದವು. ಒಂದು ಮಾತ್ರ ಕಪ್ಪಗೇ ಇತ್ತು.

*

"ಬೋಗುಣಿ ತನ್ನಿ," ಎಂದೆ.

ಎಲ್ಲರೂ ನೋಡುತ್ತಿರಲಿ ಎಂದು ಆ ಕಪ್ಪು ಕೆಂಡವನ್ನು ಚಿಮಟದಲ್ಲಿ ಎತ್ತಿ ಹಿಡಿದು ನೀರಿಗೆ ಬಿಟ್ಟೆ. ಟಪ್ ಎಂದಿತು. ಕಲ್ಲು ಎರಡು ಹೋಳಾಯಿತು. ಮೊದಲೇ ಬಿರುಕಿತ್ತು, ನನ್ನ ಕೈಯಲ್ಲಿ ಈವರೆಗೆ ಏನೂ ಒಡೆದಿಲ್ಲ. ಎರಡನ್ನೂ ಎತ್ತಿ ಗಸ್ಸಾನನ ಅಂಗೈಯಲ್ಲಿಟ್ಟೆ.

ಒಳಗೆ ಹಾಲಿನಷ್ಟು ಬಿಳುಪು.

ಗಸ್ಸಾನನಿಗೆ ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. "ಬಿಳಿ! ಒಡೆದು ನೋಡೋ ಧೈರ್ಯ ನನಗಿರಲಿಲ್ಲ... ಯಾರು ಮಾಡಿದ್ದು ಅಬು ಫುಆದ್?"

"ಧೂಪ ತಂದವನು. ಹೊಗೆಯಲ್ಲಿ ನಾವೆಲ್ಲ ಕಣ್ಮುಚ್ಚಿ ಗಡ್ಡ ಒಡ್ಡಿದ್ವಿ. ಅವನು ಪೆಟ್ಟಿಗೆ ಮೇಲೆ ಬಗ್ಗಿ ಕಲ್ಲನ್ನು ಕೆಂಡದ ನಡುವೆ ಇಟ್ಕೊಂಡ. ಜೇಬು ತಡಕಿದ್ರೆ ಸಿಗುತ್ತಾ? ಉರಿಯೋ ಕೆಂಡಕ್ಕೆ ಯಾರೂ ಕೈ ಹಾಕಲ್ಲ. ನಾವು ಹೋದ ಮೇಲೆ ತೆಗೆದುಕೊಂಡ್ರಾಯ್ತು ಅಂದ್ಕೊಂಡಿದ್ದ. ಅಲ್ವೇನೋ ಜಿಯಾದ್?"

ಜಿಯಾದ್ ನೆಲ ನೋಡಿದ.

"ನೀನು ಕೊಟ್ಟ ಕಾಫಿಯಲ್ಲೇ ನನಗೆ ಅನುಮಾನ ಬರಬೇಕಿತ್ತು. ನಮಗೆಲ್ಲ ಲೋಟದ ತಳ ಮುಚ್ಚೋಷ್ಟು ಕೊಟ್ಟೆ. 'ಈ ಕಲ್ಲು ನನ್ನ ಕಣ್ಣಿಗೆ ಬಿತ್ತು' ಅಂತ ಅಣ್ಣ ಅಂದ ಕೂಡ್ಲೇ ಅವನ ಲೋಟ ಅಂಚಿನವರೆಗೂ ತುಂಬಿಸಿದೆ. ತುಂಬಿದ ಲೋಟ ಕೊಡೋದು ಕುಡಿದು ಎದ್ದು ಹೋಗು ಅನ್ನೋಕೆ."

"ಅವನ ಕಣ್ಣಿಗೆ ಬೀಳ್ಲಿಲ್ಲ!" ಜಿಯಾದ್ ಸಿಡಿದ. "ಅವನು ಜೀಪಲ್ಲಿ ಗೊರಕೆ ಹೊಡೀತಿದ್ದ. ಮರಳು ಬಗೆದು ತೆಗೆದಿದ್ದು ನಾನು. ಹೆಸರು ಯಾರದ್ದು? ಅಮ್ಮನನ್ನೂ ಊರೆಲ್ಲ ಉಮ್ಮ್ ಗಸ್ಸಾನ್, ಗಸ್ಸಾನನ ತಾಯಿ, ಅಂತಲೇ ಕರೆಯತ್ತೆ. ಜಿಯಾದನ ತಾಯಿ ಅಂತ ಒಬ್ಬರ ಬಾಯಲ್ಲಾದ್ರೂ ಬಂದಿದೆಯಾ? ನಾಳೆ ಒಂದು ದಿನ ಅವನು ಬರಿಗೈಲಿ ನಿಲ್ಲಲಿ ಅನ್ನಿಸ್ತು. ಸುಡ್ಬೇಕು ಅಂತಿರ್ಲಿಲ್ಲ."

ನಾನು ರುಮಾಲಿನಿಂದ ಕಣ್ಣೊರೆಸಿಕೊಂಡೆ. ಹಸಿವಿಗೆ.

ಗಸ್ಸಾನ್ ಎರಡು ಹೋಳುಗಳನ್ನೂ ಅಂಗೈಯಲ್ಲಿ ಹೊರಳಿಸಿದ. ನಿಜವಾಗಿಯೂ ಗೊರಕೆ ಹೊಡೆದಿದ್ದನೆಂದು ಅವನ ಮುಖವೇ ಹೇಳುತ್ತಿತ್ತು. ಕೊನೆಗೆ ಒಂದು ಹೋಳನ್ನು ತಮ್ಮನ ಕೈಗಿಟ್ಟ.

"ನಾಳೆ ನನ್ನ ಜೊತೆ ವೇದಿಕೆ ಮೇಲೆ ನಿಲ್ತೀಯ. ಕಲ್ಲು ಹುಡುಕಿದವನು ನೀನು ಅಂತ ನಾನೇ ಹೇಳ್ತೀನಿ. ಒಂದು ನಿನ್ನದು, ಒಂದು ನನ್ನದು."

"ಆದ್ರೂ ಇದು ಪವಿತ್ರ ಕಲ್ಲಿನ ಜಾತಿ ಅಂತ ಸಾಬೀತಾಗ್ಲಿಲ್ಲ," ನಿಜಾರ್ ಗೊಣಗಿದ.

"ಇಲ್ಲ," ಎಂದ ಗಸ್ಸಾನ್. "ಹೋಲಿಕೆ ಇದೆ, ಅಷ್ಟೇ. ನಾಳೆ ಅದನ್ನೂ ಹೇಳ್ತೀನಿ."

ಪರದೆಯಾಚೆಯಿಂದ ಸಲೀಗಿನ ಹರಿವಾಣ ಬಂತು. ನಾನು ಮೂರು ಊರಿಗಾಗುವಷ್ಟು ತಿಂದೆ. ಒಂಟೆಯ ಕಥೆಯನ್ನು ಸೀನಿನಿಂದ ಶುರುಮಾಡಿ ಪೂರ್ತಿ ಹೇಳಿದೆ. ಅಣ್ಣತಮ್ಮಂದಿರು ಮಾತ್ರ ಕೇಳುತ್ತಿರಲಿಲ್ಲ. ಇಬ್ಬರೂ ಬೋಗುಣಿಯ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದ್ದರು. ತಂತಮ್ಮ ಹೋಳನ್ನು ನೀರಿಗೆ ಬಿಟ್ಟರು.

ಜಿಯಾದನದು ತೇಲಿತು.

ಗಸ್ಸಾನನದು ತಳ ಸೇರಿತು.

ಡಾಕ್ಟರ್ ಗಸ್ಸಾನ್ ಕತ್ತಾನ್ ತಮ್ಮನ ಹೋಳನ್ನು ನೋಡಿದ. ತನ್ನದನ್ನು ನೋಡಿದ. ಆಮೇಲೆ ಕಾಫಿಯ ಹೂಜಿ ಎತ್ತಿಕೊಂಡು, ತಮ್ಮನ ಲೋಟಕ್ಕೆ ಅಂಚಿನವರೆಗೂ ಸುರಿದ.