ಎಂಬತ್ತಾರು ಸೆಂಟಿಮೀಟರ್

2007ರ ಜನವರಿ 9, ಬೆಳಿಗ್ಗೆ 10.20. ಸೀತೂರಿನ ವಾಸಪ್ಪ ನರಸಿಂಹರಾಜಪುರ ಠಾಣೆಗೆ ಬಂದ. ಇಪ್ಪತ್ತೆರಡು ವರ್ಷದ ಮಗ ಕಿರಣ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾನೆ, ಕಣ್ಣು ಹಳದಿಯಾಗಿ ಹೊಟ್ಟೆ ಊದಿದೆ, ಮೈ ಬೆಳೆಸುವ ಮಾತ್ರೆ, ಇಂಜೆಕ್ಷನ್ ಯಾರೋ ಕೊಟ್ಟಿದ್ದಾರೆಂದು ಡಾಕ್ಟರು ಹೇಳಿದ್ದಾರೆ, ಹುಡುಗ ಹೆಸರು ಹೇಳುತ್ತಿಲ್ಲ. ಇಷ್ಟು ಹೇಳಿ ನಿಂತೇ ಇದ್ದ. ಸಬ್ ಇನ್ಸ್‌ಪೆಕ್ಟರ್ ರಘುಪತಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕೊಪ್ಪದ ಜಿಮ್ಮಿಗೆ ಹೋಗು ಅಂತ ಅವನಿಗೆ ಹೇಳಿದ್ದು ನೀವೇ ಸಾರ್."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರಘುಪತಿಗೆ ಎಷ್ಟೋ ಹಗುರಾಗುತ್ತಿತ್ತು.

ಮಾತು ನಿಜವೇ. ಹಿಂದಿನ ವರ್ಷ ಕಾನ್‌ಸ್ಟೇಬಲ್ ಆಯ್ಕೆಯಲ್ಲಿ ಕಿರಣ ಓಟ, ಜಿಗಿತ ಎಲ್ಲ ಗೆದ್ದು ಎದೆ ಅಳತೆಯಲ್ಲಿ ಬಿದ್ದಿದ್ದ. ಉಸಿರು ತುಂಬಿದಾಗ ಎಂಬತ್ತಾರು ಸೆಂಟಿಮೀಟರ್ ಬೇಕು, ಅವನದು ಎಂಬತ್ತನಾಲ್ಕು. ಸಪ್ಪೆ ಮುಖ ಹಾಕಿಕೊಂಡು ಠಾಣೆಗೆ ಬಂದವನಿಗೆ ರಘುಪತಿ, ಎರಡು ಸೆಂಟಿಮೀಟರ್ ಎಂತ ಮಹಾ ಮಾರಾಯ, ಸುಬ್ಬರಾಯರ ಹತ್ರ ಹೋಗು ಎಂದಿದ್ದ. ಸುಬ್ಬರಾಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಶೃಂಗೇರಿ ಹತ್ತಿರದ ಮೆಣಸೆಯವನು. ಕೊಪ್ಪದಲ್ಲಿ ಜಿಮ್ ಇಟ್ಟು, ಪೊಲೀಸ್ ಆಯ್ಕೆಗೆ ಹೋಗುವ ಹುಡುಗರನ್ನು ಪುಕ್ಕಟೆ ತಯಾರು ಮಾಡುತ್ತಿದ್ದ. ನೌಕರಿಯಲ್ಲಿದ್ದಾಗ ಮೂವತ್ತು ವರ್ಷ ಆಯ್ಕೆ ಮೈದಾನದಲ್ಲಿ ಟೇಪು ಹಿಡಿದವನು. ರಘುಪತಿಯ ಎದೆಯನ್ನೂ ಅಳೆದವನು ಅವನೇ.

ವಿಷವಸ್ತುವಿನ ನಿರ್ಲಕ್ಷ್ಯ, ಜೀವಾಪಾಯದ ಗಾಯ ಎಂದು ಐಪಿಸಿ 284, 338ರಡಿ ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು.

ಮಧ್ಯಾಹ್ನ ಎರಡಕ್ಕೆ ರಘುಪತಿ ಕಾನ್‌ಸ್ಟೇಬಲ್ ಐತನೊಂದಿಗೆ ಆಸ್ಪತ್ರೆ ಸೇರಿದ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಗಾಯವಾಗುತ್ತದೆ, ಊಟ ನಿದ್ದೆ ಸರಿಯಾಗಿದ್ದರೆ ಅವು ಮಾಯುತ್ತ ಮಾಯುತ್ತ ದಪ್ಪವಾಗುತ್ತವೆ, ಅದಕ್ಕೆ ವರ್ಷಗಟ್ಟಲೆ ಬೇಕು ಎಂದು ಡಾಕ್ಟರು ವಿವರಿಸಿದರು. ತಾಳಿದವನು ಬಾಳಿಯಾನು ಎಂಬುದು ಮೈಗೂ ಸಲ್ಲುವ ಮಾತಂತೆ. ಸ್ಟೆರಾಯ್ಡ್ ಆ ಕೆಲಸವನ್ನು ತಿಂಗಳುಗಳಲ್ಲಿ ಮಾಡಿಸುತ್ತದೆ, ಆದರೆ ತೋಳು ಎದೆಯನ್ನಷ್ಟೇ ಹುಡುಕಿ ಹೋಗುವುದಿಲ್ಲ. ಹೃದಯದ ಗೋಡೆಯೂ ದಪ್ಪವಾಗುತ್ತದೆ, ಮೈ ತಾನಾಗಿ ಮಾಡಿಕೊಳ್ಳುತ್ತಿದ್ದ ಗಂಡಸುತನದ ರಸ ನಿಂತುಹೋಗುತ್ತದೆ, ಮಾತ್ರೆಯನ್ನು ಅರಗಿಸುವ ಲಿವರ್ ಸೋಲುತ್ತದೆ. ಇವನ ಲಿವರ್ ಸೋತಿತ್ತು. ಕಾಮಾಲೆಯೆಂದು ತಾಯಿ ಸುಲೋಚನಮ್ಮ ಹನ್ನೊಂದು ದಿನ ಸೊಪ್ಪಿನ ಔಷಧಿ, ಉಪ್ಪಿಲ್ಲದ ಗಂಜಿ ಕೊಟ್ಟಿದ್ದಳು. ಹುಡುಗ ಅದನ್ನೂ ಕುಡಿದು, ಕದ್ದು ಮಾತ್ರೆಯನ್ನೂ ನುಂಗಿದ್ದ.

"ಯಾರು ಕೊಟ್ಟಿದ್ದು?"

"ಯಾರೂ ಇಲ್ಲ ಸಾರ್."

"ಸುಬ್ಬರಾಯರಿಗೆ ಗೊತ್ತಾ?"

ಕಿರಣ ಗೋಡೆ ಕಡೆ ತಿರುಗಿದ. "ಇದೇ ತಿಂಗಳು ಇಪ್ಪತ್ತೆರಡಕ್ಕೆ ಸೆಲೆಕ್ಷನ್ ಉಂಟು ಸಾರ್. ನನ್ನ ಹೆಸರು ಹೊಡೆದು ಹಾಕ್ತಾರಾ?" ಎಂದ.

"ಇಲ್ಲ. ಹೆಸರು ಇರ್ತದೆ."

ಅದು ತನ್ನ ಕೈಯಲ್ಲಿಲ್ಲದ ಮಾತೆಂದು ರಘುಪತಿಗೆ ಗೊತ್ತಿತ್ತು.

ಜನವರಿ 10, ಬೆಳಿಗ್ಗೆ 11.40. ಕೊಪ್ಪದ ಪೊಲೀಸರಿಗೆ ತಿಳಿಸಿ, ಪಂಚರನ್ನು ಕರೆದುಕೊಂಡು ಜಿಮ್ಮಿನ ಪಂಚನಾಮೆ ನಡೆಸಿದರು. ಸುಬ್ಬರಾಯನೇ ಬಾಗಿಲು ತೆರೆದು ಎಲ್ಲರಿಗೂ ಚಹಾ ತರಿಸಿದ. ಹುಡುಗರು ಕದ್ದು ಏನೇನೋ ತಿನ್ನುತ್ತಾರೆ, ತಾನು ವಿಚಾರಿಸುತ್ತೇನೆ ಎಂದ. ಐತ ಹುಡುಗರ ಚೀಲಗಳನ್ನೆಲ್ಲ ಜಾಲಾಡಿದ. ಕಿರಣನ ಚೀಲದಲ್ಲಿ ಇಂಜೆಕ್ಷನ್ನಿನ ಒಂದು ಖಾಲಿ ಬಾಟಲಿ ಸಿಕ್ಕಿತು. ಸುಬ್ಬರಾಯನ ಬೀರುವಿಗೆ ಬೀಗವಿತ್ತು. ಅದನ್ನು ತೆಗೆಸಲು ರಘುಪತಿಗೆ ಮನಸ್ಸು ಬರಲಿಲ್ಲ. ಅಷ್ಟು ವರ್ಷದ ಪರಿಚಯ, ದಾಕ್ಷಿಣ್ಯ. ದಾಕ್ಷಿಣ್ಯದ ಪೊಲೀಸ್ ಅರ್ಧ ಪೊಲೀಸ್.

ಬಾಟಲಿಯ ಬ್ಯಾಚ್ ನಂಬರ್ ಹಿಡಿದು ಐತ ಎರಡು ದಿನ ಔಷಧಿ ಅಂಗಡಿಗಳನ್ನು ಸುತ್ತಿದ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಪುಸ್ತಕದಲ್ಲಿ ಒಂದೇ ರೋಗಿಯ ಹೆಸರಿತ್ತು: ಸರ್ವಮಂಗಳಾ, ಮೆಣಸೆ. ಸುಬ್ಬರಾಯನ ಹೆಂಡತಿ. ಚೀಟಿಯೂ ಒಂದೇ, ಮಡಿಸಿ ಮಡಿಸಿ ಹರಿದ ಹಳೆಯ ಚೀಟಿ ಎಂದು ಅಂಗಡಿಯವರು ಹೇಳಿದರು.

ಜನವರಿ 12, ಸಂಜೆ ನಾಲ್ಕು. ಮೆಣಸೆಯ ಮನೆ ಬಾಗಿಲು ತಟ್ಟಿದಾಗ ಒಳಗಿನಿಂದ "ಯಾರದು?" ಎಂದು ಗಂಡಸಿನ ದಪ್ಪ ದನಿ ಬಂತು. ಸುಬ್ಬರಾಯನೇ ಇದ್ದಾನೆಂದು ರಘುಪತಿ ಟೋಪಿ ಸರಿಮಾಡಿಕೊಂಡ. ಬಾಗಿಲು ತೆರೆದವಳು ಅರವತ್ತರ ಹೆಂಗಸು.

"ಮೂಳೆ ಸವೆದು ಮಲಗಿದಲ್ಲೇ ಇದ್ದೆ. ಮೂರು ವಾರಕ್ಕೊಂದು ಇಂಜೆಕ್ಷನ್ ಕೊಟ್ರು, ಎದ್ದು ಓಡಾಡೋ ಹಾಗಾಯ್ತು," ಎಂದಳು ಸರ್ವಮಂಗಳಮ್ಮ. "ಆಮೇಲೆ ಗಂಟಲು ಹೀಂಗೆ ಒಡೀತು. ಡಾಕ್ಟ್ರು ಗಾಬರಿಯಾಗಿ ನಿಲ್ಲಿಸಿದ್ರು. ಎರಡು ವರ್ಷ ಆಯ್ತು, ತಗೊಂಡಿಲ್ಲ."

ಅವಳ ಹೇಳಿಕೆ ಬರೆದು, ಓದಿ ಹೇಳಿ, ಸಹಿ ಪಡೆದರು. ಯಾಕೆಂದು ಅವಳು ಕೇಳಿದಳು. ರಘುಪತಿ ಹಾಳೆ ಮಡಿಸಿ ಜೀಪಿನ ಕಡೆ ನಡೆದ.

ಜೀಪು ಶೃಂಗೇರಿ ದಾಟುವಷ್ಟರಲ್ಲಿ ಠಾಣೆಯಿಂದ ಸುದ್ದಿ ಬಂತು. 5.10ಕ್ಕೆ ಕಿರಣ ತೀರಿಕೊಂಡಿದ್ದ.

ಮರುದಿನ ಬೆಳಿಗ್ಗೆ ಶವ ಪಂಚನಾಮೆ. ಐತ ಟೇಪು ಹಿಡಿದು ಎತ್ತರ ಹೇಳಿದ, ಆಮೇಲೆ ಎದೆ ಸುತ್ತಳತೆ ಹೇಳಿದ: ಎಂಬತ್ತಾರು. ರಘುಪತಿ ಇನ್ನೊಮ್ಮೆ ಅಳೆಸಿದ. ಎಂಬತ್ತಾರೇ. ಹೊರಗೆ ಬೆಂಚಿನ ಮೇಲೆ ವಾಸಪ್ಪ ಈಗ ಕೂತಿದ್ದ.

ಅದೇ ದಿನ ಮಧ್ಯಾಹ್ನ 3.30. ಕೊಪ್ಪದ ಜಿಮ್ಮಿನಲ್ಲಿ ಸುಬ್ಬರಾಯ ಇಸ್ತ್ರಿ ಅಂಗಿ ಹಾಕಿ ಕಾಯುತ್ತಿದ್ದ. ಬೀರುವಿನ ಕೀಲಿ ಮೇಜಿನ ಮೇಲಿತ್ತು. ಒಳಗೆ ಹದಿನಾಲ್ಕು ಇಂಜೆಕ್ಷನ್ ಬಾಟಲಿ, ಒಂದು ಡಬ್ಬಿ ಮಾತ್ರೆ, ಸಿರಿಂಜು, ಒಂದು ಹಳೆಯ ಟೇಪು. ಪಂಚರ ಮುಂದೆ ಎಲ್ಲವನ್ನೂ ಮೇಜಿನ ಮೇಲಿಟ್ಟು ವಶಕ್ಕೆ ತೆಗೆದುಕೊಂಡರು.

"ಹೆಂಡ್ತಿ ಗಂಟಲು ಹೋಗಿದ್ದು ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಸಾರ್. ಗಂಡು ದನಿ ಬಂದ್ರೆ ಗಂಡುಹುಡುಗನಿಗೆ ಎಂತ ನಷ್ಟ ಅಂದ್ಕೊಂಡೆ. ಹಾಸಿಗೆ ಹಿಡಿದೋಳನ್ನ ಎಬ್ಬಿಸಿದ ಮದ್ದಲ್ವಾ."

"ಅವಳಿಗೆ ಮೂರು ವಾರಕ್ಕೆ ಒಂದು. ಇವನಿಗೆ?"

"ವಾರಕ್ಕೆ ಎರಡು. ಮಾತ್ರೆ ದಿನಾ. ಟೈಮ್ ಇರ್ಲಿಲ್ಲ."

"ಯಾಕೆ ಮಾಡಿದ್ರಿ ಸುಬ್ಬರಾಯರೇ?"

ಸುಬ್ಬರಾಯ ಮೇಜಿನ ಮೇಲಿನ ಟೇಪನ್ನೇ ನೋಡಿದ. "ಒಂದು ಸೆಂಟಿಮೀಟರಿಗೆ, ಅರ್ಧ ಸೆಂಟಿಮೀಟರಿಗೆ ಎಷ್ಟು ಹುಡುಗ್ರನ್ನ ಈ ಕೈಯಲ್ಲೇ ವಾಪಸ್ ಕಳಿಸಿದೆ. ಗೇಟಿನ ಹೊರಗೆ ಅಪ್ಪಂದಿರು ಬುತ್ತಿ ಹಿಡ್ಕೊಂಡು ಕೂತಿರ್ತಿದ್ರು. ಮೂರ್ನಾಲ್ಕು ಜನಕ್ಕೆ ಮಾತ್ರ ಟೇಪಿನ ಅಡಿಗೆ ಬೆರಳಿಟ್ಟು ಅಳತೆ ಜಾಸ್ತಿ ಮಾಡಿದೆ. ಅದರಲ್ಲಿ ನೀವೊಬ್ರು."

ರಘುಪತಿಗೆ ಬೆನ್ನಿಗೆ ತಾಗಿದ ತಣ್ಣನೆಯ ಬೆರಳು ನೆನಪಾಯಿತು. ಟೇಪು ನೆಟ್ಟಗೆ ಮಾಡುತ್ತಿದ್ದಾರೆ ಎಂದುಕೊಂಡಿದ್ದ. ಹದಿನೈದು ವರ್ಷ ಹಾಗೇ ಅಂದುಕೊಂಡಿದ್ದ.

"ಈಗ ಟೇಪು ನನ್ನ ಕೈಯಲ್ಲಿಲ್ಲ," ಎಂದ ಸುಬ್ಬರಾಯ. "ಹುಡುಗನ ಎದೆ ಎಷ್ಟು ಬಂತು ಸಾರ್?"

"ಎಂಬತ್ತಾರು."

ಮುದುಕ ಮುಖ ಮುಚ್ಚಿಕೊಂಡು ಅತ್ತ. ಐತ ಹೊರಗೆ ಹೋಗಿ ನಿಂತ.

4.15ಕ್ಕೆ ದಸ್ತಗಿರಿ. ಅಪಾಯ ಗೊತ್ತಿದ್ದೂ ಕೊಟ್ಟಿದ್ದರಿಂದ ಕೊಲೆಯಲ್ಲದ ನರಹತ್ಯೆಯ ಕಲಂ 304 ಸೇರಿತು. ಕಾರಣದ ಬಗ್ಗೆ ರಘುಪತಿ ಕೇಸ್ ಡೈರಿಯಲ್ಲಿ ಎರಡೇ ಸಾಲು ಬರೆದ: ಆರೋಪಿಯು ಯಾರಿಂದಲೂ ಹಣ ಪಡೆದಿರುವುದಿಲ್ಲ. ಹುಡುಗರು ಆಯ್ಕೆಯಾಗಲೆಂದು ಕೊಟ್ಟಿರುತ್ತಾನೆ. ಬೆರಳಿನ ವಿಷಯ ಬರೆಯಲಿಲ್ಲ. ಬರೆಯಬೇಕಿತ್ತು ಎಂದು ಅವನಿಗೆ ಆಮೇಲೂ ಅನ್ನಿಸುತ್ತಿತ್ತು.

ಇಪ್ಪತ್ತೆರಡರಂದು ಚಿಕ್ಕಮಗಳೂರಿನ ಆಯ್ಕೆ ಮೈದಾನಕ್ಕೆ ಅವನನ್ನೇ ಬಂದೋಬಸ್ತಿಗೆ ಹಾಕಿದ್ದರು. ಪಟ್ಟಿಯಿಂದ ಯಾರೂ ಹೆಸರು ತೆಗೆದಿರಲಿಲ್ಲ. ಹನ್ನೊಂದೂವರೆಗೆ ಸೀತೂರಿನ ವಾಸಪ್ಪನ ಮಗ ಕಿರಣನನ್ನು ಮೂರು ಸಲ ಕೂಗಿದರು, ಆಮೇಲೆ ಮುಂದಿನ ಹೆಸರು ಕೂಗಿದರು.