ಅಕ್ಕನ ಕಾಲೇಜು, ಕಮಿಷನರ್ ಕಿವಿ

“ಹತ್ತಿರದ್ದಕ್ಕೆ ಮೂರು, ದೂರದ್ದಕ್ಕೆ ಒಂದು,” ಎನ್ನುತ್ತ ಅಮ್ಮ ಎರಡು ಲೋಟಗಳನ್ನೂ ಎಲ್ಲರ ಮುಂದೆ ಹಿಡಿದಳು.

ಪಟಾಕಿ ಕುಣಿದಾಡಿಬಿಟ್ಟಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಾಯಿ ಮುಚ್ಚದ ಐದನೇ ಕ್ಲಾಸಿನ ಹುಡುಗಿಗೆ ಮನೆಯಲ್ಲಿ ಬೇರೆ ಹೆಸರು ಯಾಕೆ ಬೇಕು?

ಅಮ್ಮ ಟೈಲರ್. ಈ ಮನೆಯಲ್ಲಿ ಯಾವ ಜಗಳ ಬಂದರೂ ಶರ್ಟಿನ ಬಿಳಿ ಗುಂಡಿಗಳಿಂದಲೇ ಓಟು. ಒಳಕೋಣೆಯಲ್ಲಿ ಎರಡು ಲೋಟ ಇಡಬೇಕು, ಒಬ್ಬೊಬ್ಬರೇ ಹೋಗಿ ಒಂದೊಂದು ಗುಂಡಿ ಹಾಕಿ ಬರಬೇಕು. ಮನಸ್ಸು ಬದಲಾದರೆ ಅಮ್ಮ ತನ್ನ ಹೊಲಿಗೆ ಅಂಗಡಿಯ ಬಾಗಿಲು ಹಾಕುವ ತನಕ ಗುಂಡಿಯನ್ನು ಆಚೆ ಲೋಟಕ್ಕೆ ಹಾಕಬಹುದು. ಸಮ ಬಿದ್ದರೆ, ಯಾರ ವಿಷಯವೋ ಅವರ ಮಾತೇ ಕೊನೆ.

ಅಕ್ಕನಿಗೆ ಪ್ರಾಣಿಗಳ ಡಾಕ್ಟರ್ ಆಗಬೇಕು. ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಬಸ್ಸಿನಲ್ಲಿ ಅರ್ಧ ಗಂಟೆ, ಇನ್ನೊಂದು ಒಂಬತ್ತು ಗಂಟೆ. ಯಾವುದೆಂದು ಇವತ್ತು ರಾತ್ರಿಯೊಳಗೆ ತಿಳಿಸಬೇಕಿತ್ತು. ಮೂರು ದಿನ ಯೋಚಿಸಿ ತಲೆ ಕೆಟ್ಟು, ಓಟು ಹಾಕೋಣ ಎಂದವಳು ಅಕ್ಕನೇ.

ದೂರದ ಲೋಟದಲ್ಲಿ ಒಂಟಿಯಾಗಿ ಬಿದ್ದಿದ್ದ ಗುಂಡಿ ಅಕ್ಕನದೇ ಇರಬೇಕು ಎಂದು ಪಟಾಕಿಗೆ ಸ್ವಲ್ಪ ಪಾಪ ಅನ್ನಿಸಿತು. ಆದರೆ ಅಕ್ಕ ಇಲ್ಲೇ ಇರುತ್ತಾಳಲ್ಲ, ಅಷ್ಟು ಸಾಕು.

ಹೊರಗೆ ಜಗಲಿಯಲ್ಲಿ ಅಜ್ಜ ಮುಖ ಊದಿಸಿಕೊಂಡು ಕೂತಿದ್ದರು. ಬಸ್ ಓಡಿಸಿ ರಿಟೈರ್ ಆದವರು ಅವರು. ಒಂಬತ್ತು ಗಂಟೆಯ ದಾರಿಯೂ ಒಂದು ದಾರಿಯೇ ಎಂದು ಗೊಣಗುತ್ತಿದ್ದರು.

“ಈ ಮನೇಲಿ ದೂರದ್ದಕ್ಕೆ ಗುಂಡಿ ಹಾಕಿದೋನು ನಾನೊಬ್ಬನೇ ನೋಡು,” ಎಂದರು.

ಪಟಾಕಿ ಬೆರಳು ಮಡಚಿ ಲೆಕ್ಕ ಹಾಕಿದಳು. ಒಂಟಿ ಗುಂಡಿ ಅಜ್ಜನದು. ಹಾಗಾದರೆ ಹತ್ತಿರದ ಲೋಟದಲ್ಲಿ ಇದ್ದದ್ದು ಅಮ್ಮನದು, ತನ್ನದು, ಮತ್ತೆ ಅಕ್ಕನದು!

ಅವಳಿಗೆ ಹೋದ ತಿಂಗಳು ನೆನಪಾಯಿತು. ಅಜ್ಜ ಅಕ್ಕ-ತಂಗಿ ಇಬ್ಬರನ್ನೂ ಎರಡೂ ಕಾಲೇಜು ತೋರಿಸಲು ಕರೆದುಕೊಂಡು ಹೋಗಿದ್ದರು. ಹತ್ತಿರದ ಕಾಲೇಜು ನೋಡಿ ಅಕ್ಕ “ಚೆನ್ನಾಗಿದೆ” ಅಂದಿದ್ದಳು, ಅಷ್ಟೇ. ದೂರದ ಕಾಲೇಜಿನಲ್ಲಿ ದೊಡ್ಡ ಕೊಟ್ಟಿಗೆ ಇತ್ತು. ಅಲ್ಲೊಂದು ಬಸುರಿ ಹಸುವಿನ ಹೊಟ್ಟೆಗೆ ಅಕ್ಕ ಕೈಯಿಟ್ಟಾಗ ಒಳಗಿನ ಕರು ಒದ್ದಿತ್ತು. ವಾಪಸ್ ಬರುವಾಗ ಒಂಬತ್ತು ಗಂಟೆಯೂ ಅಕ್ಕನದು ಅದೇ ಮಾತು. ಪಟಾಕಿಗೇ ಬಾಯಿ ಹಾಕಲು ಜಾಗ ಸಿಕ್ಕಿರಲಿಲ್ಲ!

ಒಳಗೆ ಅಕ್ಕ ಮೊಬೈಲ್ ಹಿಡಿದು ಕೂತಿದ್ದಳು, ಕಾಲೇಜಿಗೆ ಇನ್ನೂ ತಿಳಿಸಿರಲಿಲ್ಲ. ತೊಡೆಯ ಮೇಲೆ ಕಮಿಷನರ್ ಮಲಗಿತ್ತು. ಕಮಿಷನರ್ ಅಂದರೆ ಮನೆಯ ಮುದಿ ಬೆಕ್ಕು.

“ನೀನ್ಯಾಕೆ ಹತ್ತಿರದ್ದಕ್ಕೆ ಹಾಕ್ದೆ?”

ಅಕ್ಕ ತಲೆ ಎತ್ತಲಿಲ್ಲ. “ಅದೂ ಒಳ್ಳೇ ಕಾಲೇಜೇ ಕಣೆ. ನಾನು ಹೋದ್ರೆ ಇದರ ಕಿವಿಗೆ ಔಷಧಿ ಹಾಕೋರು ಯಾರು? ನಿನ್ನ ಹರಟೆ ಕೇಳೋರು ಯಾರು?”

ಬೇರೆ ದಿನವಾಗಿದ್ದರೆ ಪಟಾಕಿ ಹತ್ತು ಮಾತು ಹೇಳುತ್ತಿದ್ದಳು. ಇವತ್ತು ಬೆಕ್ಕಿನ ಕಿವಿಯನ್ನೇ ನೋಡುತ್ತ ನಿಂತಳು. ಅವಳಿಗೆ ಅಳು ಬರುವಂತಾಗಿತ್ತು.

ಕಮಿಷನರ್ ಕಿವಿ ಸೋರುತ್ತಿತ್ತು. ದಿನಕ್ಕೆರಡು ಸಲ ಔಷಧಿ. ಅಮ್ಮ ಒಮ್ಮೆ ಹಾಕಲು ಹೋಗಿ ಮೊಣಕೈವರೆಗೂ ಪರಚಿಸಿಕೊಂಡಿದ್ದಳು. “ಬೆಕ್ಕಿಗೆ ಗಂಟೆ ಕಟ್ಟೋರು ಇಲ್ಲ ಅಂತ ಕೇಳಿದ್ದೆ, ಔಷಧಿ ಹಾಕೋರೂ ಇಲ್ಲ,” ಎಂದು ಅಜ್ಜ ನಕ್ಕಿದ್ದರು. ಹಾಕಲು ಬರುತ್ತಿದ್ದದ್ದು ಅಕ್ಕನಿಗೆ ಮಾತ್ರ.

ಸಂಜೆ ಅಕ್ಕ ಸ್ನಾನಕ್ಕೆ ಹೋದಳು. ಅಮ್ಮನ ಅಂಗಡಿ ಇನ್ನೂ ತೆರೆದೇ ಇತ್ತು. ಪಟಾಕಿ ಅಮ್ಮನ ತುಂಡು ಬಟ್ಟೆಗಳ ಚೀಲದಿಂದ ಮೆತ್ತನೆಯ ಬಟ್ಟೆಯೊಂದನ್ನು ತೆಗೆದಳು. ಅಕ್ಕ ಮಾಡುತ್ತಿದ್ದುದನ್ನು ದಿನಾ ನೋಡುತ್ತಿದ್ದಳಲ್ಲ! ಮೊದಲು ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಬೇಕು. ಆಮೇಲೆ ಬೆಕ್ಕನ್ನು ಕಾಲು ಹೊರಗೆ ಬರದ ಹಾಗೆ ಸುತ್ತಬೇಕು. ಮೊದಲ ಸಲ ಕಮಿಷನರ್ ಚಂಗನೆ ಹಾರಿ ಮಂಚದಡಿ ಸೇರಿತು, ಪಟಾಕಿಯ ಕೈಮೇಲೆ ಉದ್ದಕ್ಕೊಂದು ಗೀರು ಬಿತ್ತು. ಉರಿಯಿತು. ಎರಡನೇ ಸಲ ಅದರ ಕೆನ್ನೆ ಸವರುತ್ತ, ಗುಟ್ಟು ಹೇಳುವವಳಂತೆ ಶಾಲೆಯ ಕತೆಯೆಲ್ಲ ಹೇಳಿದಳು. ಮೂರು ಹನಿ. ಕಿವಿಯ ಬುಡ ತಿಕ್ಕುತ್ತ ಇಪ್ಪತ್ತರವರೆಗೆ ಎಣಿಸಿದಳು.

ಆಮೇಲೆ ಹತ್ತಿರದ ಲೋಟದಿಂದ ಒಂದು ಗುಂಡಿ ತೆಗೆದು ದೂರದ ಲೋಟಕ್ಕೆ ಹಾಕಿದಳು. ಎರಡು, ಎರಡು.

ಅಕ್ಕ ತಲೆ ಒರೆಸಿಕೊಳ್ಳುತ್ತ ಬಂದಳು. ಬಟ್ಟೆಯೊಳಗಿಂದ ಮುಖವೊಂದನ್ನೇ ಹೊರಗೆ ಹಾಕಿ ಕೂತಿದ್ದ ಬೆಕ್ಕನ್ನು ನೋಡಿದಳು, ತಂಗಿಯ ಕೈಮೇಲಿನ ಗೀರು ನೋಡಿದಳು, ಲೋಟಗಳನ್ನು ನೋಡಿದಳು.

“ಸಮ ಬಿತ್ತು,” ಎಂದಳು ಪಟಾಕಿ. “ಈಗ ನೀನೇ ಹೇಳ್ಬೇಕು. ಹರಟೆಗೆ ಫೋನ್ ಇದೆ.”

ಅಕ್ಕ ಅವಳನ್ನು ಬಿಗಿಯಾಗಿ ಅಪ್ಪಿಕೊಂಡಳು. ತುಂಬ ಹೊತ್ತು ಬಿಡಲಿಲ್ಲ. ಆಮೇಲೆ ಹತ್ತಿರದ ಲೋಟಕ್ಕೆ ಕೈಹಾಕಿ ತನ್ನ ಗುಂಡಿ ತೆಗೆದಳು. ಅದು ಆಚೆ ಲೋಟಕ್ಕೆ ಬಿದ್ದ ಸದ್ದು ಜಗಲಿಯಲ್ಲಿದ್ದ ಅಜ್ಜನಿಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಔಷಧಿಯ ಹೊತ್ತಿಗೆ ಪಟಾಕಿ ಬಟ್ಟೆ ಹರಡಿದಳು. ಅಕ್ಕ ಎದುರಿಗೆ ಕೈಕಟ್ಟಿ ಕೂತಳು. ಹಾಗೆ ಹಿಡಿ, ಹೀಗೆ ಹಿಡಿ ಎಂದು ಒಂದು ಮಾತೂ ಹೇಳಲಿಲ್ಲ. ಪಟಾಕಿ ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡತೊಡಗಿದಳು.